ಆಟದ ಮಷೀನಿಲ್ಲದ ಮನೆಯಲ್ಲಿ ಆಟದ ಪುಸ್ತಕ!

ಚಿಕ್ಕೋಡಿ: ರದ್ದಿ ಅಂಗಡಿಯ ತಕ್ಕಡಿಗೆ ಕಣ್ಣಿಲ್ಲ. ಹಳೆಯ ಪಂಚಾಂಗ, ಹತ್ತನೇ ಇಯತ್ತೆಯ ಗೈಡು, ಸೊಸಾಯಿಟಿಯ ವಾರ್ಷಿಕ ವರದಿ, ಹಂಚದೆ ಉಳಿದ ಲಗ್ನಪತ್ರಿಕೆ, ಎಲ್ಲಕ್ಕೂ ಅದು ಕೇಳುವುದು ಒಂದೇ ಮಾತು: ಎಷ್ಟು ಕಿಲೋ? ಇತ್ತೀಚೆಗೆ ಆ ತಕ್ಕಡಿಗೆ ಇನ್ನೊಂದು ನಮೂನೆಯ ಕಟ್ಟು ಬಂದು ಬೀಳುತ್ತಿದೆ. ನುಣುಪಾದ ಕಾಗದ, ಇಂಗ್ಲಿಷ್ ಅಕ್ಷರ, ಮುಖಪುಟದ ಮೇಲೆ ಕತ್ತಿ ಹಿಡಿದ ವೀರ ಇಲ್ಲವೇ ಹೊಗೆಯೆಬ್ಬಿಸಿ ಓಡುವ ಕಾರು. ಒಳಗಿನ ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಯಾವನೋ ಹುಡುಗನ ಹೆಸರು, ಕ್ಲಾಸು, ಊರು.

ಇವು ವಿಡಿಯೋ ಗೇಮಿನ ಪತ್ರಿಕೆಗಳು. ಹದಿನೈದು ಇಪ್ಪತ್ತು ವರ್ಷದ ಹಿಂದೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹುಡುಗರು ಜೀವದಂತೆ ಕಾದಿಟ್ಟ ಪುಸ್ತಕಗಳು. ಹುಡುಗರು ಬೆಳೆದರು, ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದರು. ಟ್ರಂಕು ಮನೆಯಲ್ಲಿ ಉಳಿಯಿತು. ಮನೆಗೆ ಸುಣ್ಣ ಹಚ್ಚುವ ದಿನ ಬಂದಾಗ ಟ್ರಂಕಿನ ಬಾಯಿ ತೆರೆಯಿತು.

"ನುಣುಪ ಕಾಗದರಿ ಇದು, ಚುರಮುರಿ ಕಟ್ಟಿದ್ರ ನಿಲ್ಲೂದಿಲ್ಲ. ದರಾ ಕಮ್ಮಿ," ಅನ್ನುತ್ತಾನೆ ನಿಪ್ಪಾಣಿಯ ರದ್ದಿ ಅಂಗಡಿಯವ. ಚುರಮುರಿ ಕಟ್ಟಲಿಕ್ಕೂ ಬಾರದ ಕಾಗದ ಅಂತ ಅವನ ತೀರ್ಪು. ಆದರೆ ಆ ಕಾಗದವನ್ನು ಓದಿದವರನ್ನು ಕೇಳಿ ನೋಡಿರಿ, ತೀರ್ಪು ಬೇರೆಯೇ ಇದೆ.

ಆಡೂದು ಬ್ಯಾರೆ, ಓದೂದು ಬ್ಯಾರೆ

ಮೊದಲನೆಯ ಪ್ರಶ್ನೆ ಎಲ್ಲ ತಂದೆತಾಯಿಗಳೂ ಕೇಳಿದ ಪ್ರಶ್ನೆಯೇ. ಮನೆಯಲ್ಲಿ ಆಟದ ಮಷೀನಿಲ್ಲ, ಕಂಪ್ಯೂಟರಂತೂ ಇಲ್ಲವೇ ಇಲ್ಲ. ಆಡಲಾರದ ಆಟದ ಪುಸ್ತಕ ಓದಿ ಏನು ಮಾಡುವುದು?

ಅಥಣಿಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಒಬ್ಬಾತ ಈ ಪ್ರಶ್ನೆಗೆ ನಕ್ಕುಬಿಟ್ಟ. "ನಮ್ಮ ಕಾಕಾನೂ ಹಿಂಗ ಕೇಳಾಂವ್ರಿ. ಕಾಕಾ, ಆಡಿದ್ರ ಒಂದ ತಾಸನ್ಯಾಗ ಮುಗೀತೈತಿ, ಓದಿದ್ರ ಒಂದ ತಿಂಗಳ ಬರತೈತಿ ಅಂತಿದ್ನಿ."

ಹುಡುಗಾಟದ ಮಾತಲ್ಲ ಇದು. ಪತ್ರಿಕೆ ಕೈಗೆ ಬಂದ ದಿನ ಮೊದಲು ಬರೀ ಚಿತ್ರ. ಎರಡನೆಯ ದಿನ ಚಿತ್ರದ ಕೆಳಗಿನ ಸಾಲು. ಮೂರನೆಯ ದಿನ ಎರಡು ಪುಟದಗಲ ಹರಡಿದ ನಕಾಶೆ: ಇಲ್ಲಿ ಕೋಟೆ, ಇಲ್ಲಿ ಸುರಂಗ, ಈ ಮರದ ಬುಡದಲ್ಲಿ ಕೀಲಿಕೈ. ಆಮೇಲೆ ವಿಮರ್ಶೆ, ಹತ್ತಕ್ಕೆ ಎಷ್ಟು ಅಂಕ ಕೊಟ್ಟಿದ್ದಾರೆ ಅಂತ. ಕಡೆಗೆ ಓದುಗರ ಪತ್ರ, ಜಾಹೀರಾತು, ಮುಂದಿನ ತಿಂಗಳ ಸೂಚನೆ. ಅಷ್ಟೂ ಮುಗಿದ ಮೇಲೆ ನಡುವಿನ ಪಿನ್ನು ಬಿಚ್ಚಿ ಪೋಸ್ಟರ್ ತೆಗೆದು ಗೋಡೆಗೆ. ಒಂದು ಬದಿಗೆ ಬಸವಣ್ಣ, ಇನ್ನೊಂದು ಬದಿಗೆ ಸಕ್ಕರೆ ಕಾರ್ಖಾನೆಯ ಕ್ಯಾಲೆಂಡರು, ನಡುವೆ ಜಪಾನಿನ ಮೀಸೆಯ ಪ್ಲಂಬರ್ ಮಾರಿಯೊ. ಯಾವ ದೇವರೂ ತಕರಾರು ಮಾಡಿದ್ದು ಕೇಳಿಲ್ಲ.

ಇನ್ನೂ ಒಂದು ಸೌಕರ್ಯ. ನಮ್ಮ ಕಡೆ ಲೋಡ್‌ಶೆಡ್ಡಿಂಗ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸಂಜೆ ಕರೆಂಟು ಹೋದರೆ ಟಿ.ವಿ. ಸತ್ತಿತು, ಮಷೀನಿದ್ದ ಸಾಹುಕಾರರ ಮನೆಯ ಹುಡುಗನೂ ಕೈಕಟ್ಟಿ ಕುಳಿತ. ಕಂದೀಲಿನ ಬುಡಕ್ಕೆ ಪುಸ್ತಕ ಹಿಡಿದವನ ಆಟ ಮಾತ್ರ ನಿಲ್ಲಲಿಲ್ಲ.

ಮತ್ತು ಓದುವವ ಒಬ್ಬನೇ ಆಗಿರಲಿಲ್ಲ. ನಿಪ್ಪಾಣಿಯ ಒಂದು ಗಲ್ಲಿಯ ಮಾತು. ಅವ್ವ ಮರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು, ಮಗ ಎದುರಿಗೆ ಕುಳಿತು ಆಟದ ಕಥೆ ಓದಿ ಕನ್ನಡದಲ್ಲಿ ಹೇಳುತ್ತಿದ್ದ. ಇಂಥ ರಾಜಕುಮಾರಿ, ಇಂಥ ರಾಕ್ಷಸ, ಏಳು ಬಾಗಿಲು. "ನನಗ ಮಷೀನ ಗೊತ್ತಿಲ್ರಿ, ಕಥಿ ಎಲ್ಲಾ ಗೊತ್ತೈತಿ," ಅಂತ ಆ ತಾಯಿ ಇಂದಿಗೂ ಹೇಳುತ್ತಾಳೆ. ಅಣ್ಣ ಸಾಲಿಗೆ ಹೋದ ಮೇಲೆ ಅದೇ ಪುಸ್ತಕ ತಂಗಿಯ ಕೈಗೆ. ಆಟದ ಅಂಗಡಿಗೆ ಹೆಣ್ಣುಮಕ್ಕಳನ್ನು ಕಳಿಸುವವರು ಯಾರು? ಆದರೆ ಮನೆಗೆ ಬಂದ ಪುಸ್ತಕಕ್ಕೆ ಗಂಡು ಹೆಣ್ಣು ಅಂತ ಭೇದವಿರಲಿಲ್ಲ.

ಬಂದದ್ದು ಎಲ್ಲಿಂದ?

ಭೂಗೋಳ ತಿಳಿದವರಿಗೆ ಉತ್ತರ ಸುಲಭ. ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ದೂರ. ಕಾಗವಾಡದವರಿಗೆ ಮಿರಜ್ ಕೂಗಳತೆ, ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರ ಒಂದು ತಾಸಿನ ದಾರಿ. ಮಿರಜ್–ಲೋಂಡಾ ಲೈನಿನ ಮೇಲೆ ಶೇಡಬಾಳ, ಉಗಾರ, ಕುಡಚಿ, ರಾಯಬಾಗ ಎಲ್ಲ ಸ್ಟೇಷನ್ನುಗಳೂ ಇವೆ. ಚಿಕ್ಕೋಡಿಯವರಿಗೆ ಮಾತ್ರ ಊರಿನಿಂದ ದೂರದಲ್ಲಿರುವ 'ಚಿಕ್ಕೋಡಿ ರೋಡ್'! ದವಾಖಾನೆಗೆಂದು ಮಿರಜ್‌ಗೆ ಹೋದ ಅಪ್ಪ, ಬಟ್ಟೆಗೆಂದು ಕೊಲ್ಹಾಪುರಕ್ಕೆ ಹೋದ ಮಾಮಾ, ಬರುವಾಗ ಹಳೆ ಪುಸ್ತಕದ ಕಟ್ಟೆಯಿಂದ ಒಂದೆರಡು ಹಿಡಿದು ತರುತ್ತಿದ್ದರು. ಮೂರು ತಿಂಗಳು ಹಳೆಯದೋ ಮೂರು ವರ್ಷ ಹಳೆಯದೋ, ಓದುವವನಿಗೆ ಎಲ್ಲವೂ ತಾಜಾ.

ಇಂಡಿಯಾದ್ದೇ ಪತ್ರಿಕೆ ಅಂದರೆ 'ಡಿಜಿಟ್'. 2001ರಲ್ಲಿ ಈ ಹೆಸರಿನಿಂದ ಹೊರಟ ಕಂಪ್ಯೂಟರ್ ಮಾಸಿಕ. ಜೊತೆಗೆ ಸಿ.ಡಿ., ಆಮೇಲೆ ಡಿ.ವಿ.ಡಿ. ಕೊಡುತ್ತಿದ್ದರು, ಅದರೊಳಗೆ ಆಟದ ತುಣುಕುಗಳಿರುತ್ತಿದ್ದವು. ಅದೇ ಬಳಗದಿಂದ 'ಸ್ಕೋರ್' ಅಂತ ಬರೀ ಆಟಕ್ಕೇ ಮೀಸಲಾದ ಪುಸ್ತಕವೂ ಬಂತು. ಕಂಪ್ಯೂಟರಿಲ್ಲದ ಮನೆಯಲ್ಲಿ ಆ ಡಿ.ವಿ.ಡಿ. ಏನಾಯಿತು ಅಂತೀರಿ? ಹೊಲದಲ್ಲಿ ಹಕ್ಕಿ ಬೆದರಿಸಲು ದಾರಕ್ಕೆ ಕಟ್ಟಿದವರಿದ್ದಾರೆ. ಪುಸ್ತಕ ಮಾತ್ರ ಟ್ರಂಕಿಗೆ.

ಮ್ಯಾಲ ಮ್ಯಾಲ, ಕೆಳಗ ಕೆಳಗ

ಮಷೀನು ಪೂರ್ತಿ ಇರಲೇ ಇಲ್ಲ ಅಂತಲ್ಲ. 1990ರ ದಶಕದಲ್ಲಿ ನಿಂಟೆಂಡೊದ ನಕಲು ಯಂತ್ರಗಳು ನಮ್ಮ ಪೇಟೆಗೂ ಬಂದವು. ಟಿ.ವಿ.ಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ ತುರುಕಿ ಆಡುವಂಥವು. ಇದ್ದವರ ಮನೆಗೆ ಇಲ್ಲದವರು ಹೋಗುವುದು, ಸರದಿ ಕಾಯುವುದು. ಆಗಿನ ಹುಡುಗರಿಗೆ 'ಕಾಂಟ್ರಾ' ಅಂದರೆ ಸಾಕು, ಬೆರಳು ತಾನಾಗಿ ಅಲ್ಲಾಡುತ್ತದೆ. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಹೀಗೆ ಗುಂಡಿ ಒತ್ತಿದರೆ ಮೂರು ಜೀವದ ಬದಲು ಮೂವತ್ತು ಜೀವ!

ಈ ಮಂತ್ರ ಹುಟ್ಟಿದ್ದು ಜಪಾನಿನ ಕೊನಾಮಿ ಕಂಪನಿಯಲ್ಲಿ. ಕಜುಹಿಸಾ ಹಾಶಿಮೊಟೊ ಎಂಬಾತ 1986ರಲ್ಲಿ 'ಗ್ರೇಡಿಯಸ್' ಎಂಬ ಆಟವನ್ನು ಮನೆಯ ಮಷೀನಿಗೆ ತರುತ್ತಿದ್ದ. ಪರೀಕ್ಷೆಗೆಂದು ಆಡಿ ನೋಡಬೇಕು, ಆಟವೋ ಬಲು ಬಿರುಸು, ದಾಟಲು ಆಗದು. ತನ್ನ ಅನುಕೂಲಕ್ಕೆ ಅಂತ ಈ ಗುಟ್ಟು ಸೇರಿಸಿಕೊಂಡ. 1988ರ 'ಕಾಂಟ್ರಾ'ದಿಂದ ಅದು ಜಗತ್ತಿಗೆಲ್ಲ ಬಾಯಿಪಾಠವಾಯಿತು. 2020ರಲ್ಲಿ ಆತ ತೀರಿಕೊಂಡಾಗ ದೇಶದೇಶದ ಪತ್ರಿಕೆಗಳು ಬರೆದವು.

ಇಂಥ ಗುಟ್ಟುಗಳನ್ನು ಹೊತ್ತು ತಿರುಗಿದ್ದೇ ಛಾಪಿಸಿದ ಪುಸ್ತಕಗಳು. ಪುಸ್ತಕ ಇದ್ದವನ ಮಾತಿಗೆ ಗಲ್ಲಿಯಲ್ಲಿ ತೂಕ. ಗಣಿತದ ವಹಿಯ ಹಿಂದಿನ ಪುಟದಲ್ಲಿ ಗುಟ್ಟು ಬರೆದುಕೊಂಡು ಬರುವವರೆಷ್ಟು, ಒಂದು ಗುಟ್ಟಿಗೆ ಎರಡು ಗೋಲಿ ಅಂತ ವ್ಯಾಪಾರ ಮಾಡಿದವರೆಷ್ಟು!

ಹೊರದೇಶದ ಕಥೆ

ಈ ಜಾತಿಯ ಪತ್ರಿಕೆ ಹುಟ್ಟಿದ್ದು 1981ರಲ್ಲಿ. ನಮ್ಮ ಕಡೆ ಆ ವರ್ಷವನ್ನು ನೆನೆಯುವುದು ಬೇರೆ ಕಾರಣಕ್ಕೆ: ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರು ದರಕ್ಕಾಗಿ ಹೆದ್ದಾರಿ ತಡೆದು ಕುಳಿತರು, ಗೋಲಿಬಾರ್ ಆಯಿತು. ಅದೇ ವರ್ಷ ಅಮೆರಿಕದಲ್ಲಿ 'ಎಲೆಕ್ಟ್ರಾನಿಕ್ ಗೇಮ್ಸ್', ಬ್ರಿಟನ್ನಿನಲ್ಲಿ 'ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್' ಹೊರಬಿದ್ದವು. ಅಂದಿನ ಕೆಲವು ಪತ್ರಿಕೆಗಳು ಇಡೀ ಆಟವನ್ನೇ ಪುಟದಲ್ಲಿ ಅಚ್ಚು ಹಾಕುತ್ತಿದ್ದವು. ನೂರಾರು ಸಾಲು ಸಂಕೇತ. ಓದುಗ ಅದನ್ನು ನೋಡಿ ನೋಡಿ ತನ್ನ ಕಂಪ್ಯೂಟರಿಗೆ ಟೈಪು ಮಾಡಬೇಕು. ಒಂದು ಅಲ್ಪವಿರಾಮ ತಪ್ಪಿದರೆ ಆಟ ಏಳುವುದಿಲ್ಲ. ತಪ್ಪು ಹುಡುಕುತ್ತ ಹುಡುಕುತ್ತ ಎಷ್ಟೋ ಜನ ಮುಂದೆ ಕಂಪ್ಯೂಟರ್ ಕಸುಬನ್ನೇ ಕಲಿತರು.

ಜಪಾನಿನಲ್ಲಿ 1986ರಿಂದ 'ಫಾಮಿತ್ಸು' ಬರುತ್ತಿದೆ. ನಾಲ್ವರು ಕುಳಿತು ಒಬ್ಬೊಬ್ಬರು ಹತ್ತರಂತೆ ನಲವತ್ತಕ್ಕೆ ಅಂಕ ಕೊಡುವುದು ಅದರ ಪದ್ಧತಿ. ನಲವತ್ತಕ್ಕೆ ನಲವತ್ತು ಮೊದಲ ಸಲ ಸಿಕ್ಕಿದ್ದು 1998ರಲ್ಲಿ, 'ಜೆಲ್ಡಾ' ಸರಣಿಯ ಒಂದು ಆಟಕ್ಕೆ. ಆ ಸರಣಿ ಕಟ್ಟಿದ ಶಿಗೆರು ಮಿಯಾಮೊಟೊ ಹೇಳಿಕೊಂಡ ಸಂಗತಿಯೊಂದು ನಮ್ಮ ಹುಡುಗರಿಗೆ ಬಲು ಹಿಡಿಸಿತ್ತು. ಆತ ಕ್ಯೋಟೊ ಬಳಿಯ ಸೊನೊಬೆ ಎಂಬ ಊರಿನವ. ಚಿಕ್ಕವನಿದ್ದಾಗ ಊರ ಹೊರಗೆ ಅಲೆಯುತ್ತ ಒಂದು ಗವಿ ಕಂಡ, ಕಂದೀಲು ಹಿಡಿದು ಒಳಹೊಕ್ಕ. ಆ ಭಯ, ಆ ಖುಷಿಯೇ ಮುಂದೆ ಆಟವಾಯಿತು.

ಊರ ಗುಡ್ಡದ ಗವಿಯಿಂದ ಜಗತ್ತು ಆಡುವ ಆಟ! ಇದನ್ನು ಓದಿದ ಮೇಲೆ ಹುಡುಗ ಸುಮ್ಮನಿರುತ್ತಾನೆಯೇ? ಕೃಷ್ಣಾ ದಂಡೆಯ ಒಂದು ಹಳ್ಳಿಯ ಹುಡುಗ ವಹಿಯಲ್ಲಿ ತನ್ನದೇ ಆಟ ಬರೆದಿದ್ದ. ಮೊದಲನೆಯ ಹಂತ, ಕುಡಚಿಯ ಸೇತುವೆ ದಾಟುವುದು. ಎರಡನೆಯದು, ಉಗಾರದ ಕಾರ್ಖಾನೆಯ ಮುಂದೆ ನಿಂತ ಕಬ್ಬಿನ ಗಾಡಿಗಳ ನಡುವೆ ನುಸುಳುವುದು. ಹೊಳೆ ಬಂದರೆ ಒಂದು ಜೀವ ಹೋಯಿತು.

2019ರ ಆಗಸ್ಟಿನಲ್ಲಿ ಹೊಳೆ ನಿಜವಾಗಿಯೂ ಬಂತು. ಐದೂ ತಾಲೂಕಿನ ನದಿದಂಡೆಯ ಹಳ್ಳಿಗಳು ನೀರು ಕಂಡವು. ಆ ಮನೆಯವರು ದನ ಬಿಚ್ಚಿದರು, ರೇಶನ್ ಕಾರ್ಡು ಹಿಡಿದುಕೊಂಡರು, ಟ್ರಂಕನ್ನು ಅಟ್ಟಕ್ಕೆ ಏರಿಸಿದರು. ಕೆಳಗುಳಿದ ಒಂದು ಕಟ್ಟು ನೆನೆಯಿತು. ನುಣುಪು ಕಾಗದ ನೆನೆದರೆ ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಂತಾಗುತ್ತದೆ, ಬಿಡಿಸಿದರೆ ಅಕ್ಷರವೇ ಕಿತ್ತು ಬರುತ್ತದೆ. ವಹಿ ಅಟ್ಟದ ಮೇಲಿತ್ತು, ಉಳಿಯಿತು.

ಚಂದಮಾಮ, ಚಾಂದೋಬಾ

ಇದನ್ನೆಲ್ಲ ಇಂದಿನ ಹುಡುಗರ ಹೊಸ ಹುಚ್ಚು ಅಂತ ತಿಳಿಯುವ ಹಿರಿಯರು ತಮ್ಮ ಚಿಕ್ಕಂದು ನೆನೆಸಿಕೊಳ್ಳಲಿ. 'ಚಂದಮಾಮ' 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ ಸ್ವಲ್ಪದರಲ್ಲೇ ಕನ್ನಡಕ್ಕೂ ಬಂತು. 1952ರಲ್ಲಿ ಮರಾಠಿಯಲ್ಲಿ 'ಚಾಂದೋಬಾ' ಆಯಿತು. ನಮ್ಮ ಗಡಿ ಊರುಗಳಲ್ಲಿ ಈ ಮನೆಯಲ್ಲಿ ಚಂದಮಾಮ, ಗೋಡೆಯಾಚೆ ಚಾಂದೋಬಾ. ಅಕ್ಷರ ಬೇರೆ, ಚಿತ್ರ ಒಂದೇ. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಕುಂಚವೂ ಅದರಲ್ಲಿತ್ತು. ಭಾಷೆಯ ಹೆಸರಿನಲ್ಲಿ ದೊಡ್ಡವರು ಕೈಕೈ ಮಿಲಾಯಿಸಿದ ಕಾಲದಲ್ಲೂ ಹುಡುಗರು ಒಂದೇ ಬೇತಾಳನಿಗೆ ಹೆದರುತ್ತಿದ್ದರು.

ಆಗಲೂ ಮನೆಯಲ್ಲಿ ಇದೇ ಬೈಗುಳ: "ಆ ಬೇತಾಳನ ಪುಸ್ತಕ ಓದಿದ್ರ ಹೊಟ್ಟಿ ತುಂಬತೈತೇನಲೇ?" ಬೇತಾಳನ ಹೆಗಲೇರಿ ಬಂದವರೇ ಮುಂದೆ ಸಾಲಿ ಮಾಸ್ತರರಾದರು, ವಕೀಲರಾದರು. ಪುಸ್ತಕ ಹಿಡಿಯುವ ಚಟ ಎಲ್ಲಿಂದ ಹತ್ತಿದರೇನು, ಹತ್ತಬೇಕು.

ಆ ಚಂದಮಾಮ 2013ರಲ್ಲಿ ನಿಂತಿತು. ಅಮೆರಿಕದ 'ನಿಂಟೆಂಡೊ ಪವರ್' 1988ರಿಂದ ನಡೆದು 2012ರ ಡಿಸೆಂಬರಿನಲ್ಲಿ ಮುಚ್ಚಿತು. 1991ರಿಂದ ನಡೆದ 'ಗೇಮ್ ಇನ್ಫಾರ್ಮರ್' 2024ರ ಆಗಸ್ಟಿನಲ್ಲಿ ಏಕಾಏಕಿ ಬಂದ್ ಆಯಿತು. ಓದುಗರು ಮರುಗಿದರು, ಹೊಸ ಮಾಲೀಕರು ಸಿಕ್ಕರು, 2025ರ ಮಾರ್ಚಿನಲ್ಲಿ ಮತ್ತೆ ಎದ್ದು ಬಂತು. ಸತ್ತ ಪತ್ರಿಕೆ ಎದ್ದು ಬರುವುದು ಅಪರೂಪ, ಆದರೆ ಬೇಕು ಅನ್ನುವವರಿದ್ದರೆ ಬರುತ್ತದೆ.

ಒಂದು ಪದಕ್ಕೆ ಒಂದು ದಿನ

ಈ ಪುಸ್ತಕಗಳ ದೊಡ್ಡ ಅಡ್ಡಿ ಭಾಷೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕ ಇಂಗ್ಲಿಷ್. ಐದು ತಾಲೂಕಿನ ಪೇಪರ್ ಕಟ್ಟೆಯವರನ್ನು ಕೇಳಿದೆವು, ಕನ್ನಡದಲ್ಲಿ ಇಂಥದೊಂದನ್ನು ಮಾರಿದ ನೆನಪು ಯಾರಿಗೂ ಇಲ್ಲ.

ಆದರೂ ಹುಡುಗರು ಓದಿದರು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ತಿಳಿಯದ್ದಕ್ಕೆ ಗೆರೆ ಎಳೆದು, ಮಾಸ್ತರರನ್ನು ಕೇಳಿ. ರಾಯಬಾಗ ತಾಲೂಕಿನ ಒಬ್ಬ ಇಂಗ್ಲಿಷ್ ಮಾಸ್ತರರು ಹೇಳಿದರು: "ಪಠ್ಯದಾಗಿನ ಶಬ್ದ ಕೇಳಾಕ ಒಬ್ಬನೂ ಬರ್ತಿರಲಿಲ್ಲ. ಈ ಪುಸ್ತಕದ ಶಬ್ದ ಕೇಳಾಕ ಮನೀತನಾ ಬರ್ತಿದ್ರು. ಮೊದಲ ಸಿಟ್ಟ ಬಂತು. ಆಮ್ಯಾಲ ಅದನ್ನ ಹಿಡಕೊಂಡು ನಾನೂ ಪಾಠ ಮಾಡಿದೆ."

ಜಾಣ ಮಾಸ್ತರರು!

ಎಲ್ಲ ಗೇಮೂ ಜೂಜಲ್ಲ

ಈಗ ನೇರ ಮಾತಿಗೆ ಬರೋಣ. ಇಂದು ಆಟದ ಮಷೀನು ಎಲ್ಲರ ಕಿಸೆಯಲ್ಲಿದೆ. ಮೊಬೈಲ್. ಅದರ ಆಟಕ್ಕೆ ಕೊನೆಯ ಪುಟವಿಲ್ಲ. ಪುಸ್ತಕ ಮುಗಿದರೆ ಹುಡುಗ ಎದ್ದು ಊಟಕ್ಕೆ ಬರುತ್ತಿದ್ದ, ಮೊಬೈಲ್ ಹಿಡಿದವನನ್ನು ಮೂರು ಸಲ ಕೂಗಬೇಕು. ಮೇಲಾಗಿ ಕಬ್ಬಿನ ಬಿಲ್ಲು ಖಾತೆಗೆ ಬಿದ್ದ ವಾರವೇ ಆನ್‌ಲೈನ್ ರಮ್ಮಿಯಲ್ಲಿ ಕಳೆದುಕೊಂಡವರ ಕಥೆ ಹಳ್ಳಿಹಳ್ಳಿಯಲ್ಲಿ ಕೇಳಿದ್ದೇವೆ.

ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಪಾಸು ಮಾಡಿತು. ಹಣ ಕಟ್ಟಿ ಆಡುವ ಆಟಕ್ಕೆ ಅದರಲ್ಲಿ ನಿಷೇಧ, ಪಂದ್ಯದ ರೂಪದ ಇ–ಸ್ಪೋರ್ಟ್ಸ್‌ಗೆ ಮಾನ್ಯತೆ. ಅಂದರೆ ಕಾಯ್ದೆಯೇ ಒಪ್ಪಿದೆ: ಎಲ್ಲ ಗೇಮೂ ಜೂಜಲ್ಲ.

ಆದರೆ ಈ ವ್ಯತ್ಯಾಸ ಹುಡುಗನಿಗೆ ತಿಳಿಸುವವರು ಯಾರು? ಅಪ್ಪನ ಕಣ್ಣಿಗೆ ಎಲ್ಲವೂ ಜೂಜು, ಹುಡುಗನ ಕಣ್ಣಿಗೆ ಎಲ್ಲವೂ ಮಜಾ. ನಡುವೆ ನಿಂತು 'ಇದು ಒಳ್ಳೆಯ ಆಟ, ಇದು ಕಿಸೆ ಕತ್ತರಿಸುವ ಆಟ, ಇದಕ್ಕೆ ಹತ್ತಕ್ಕೆ ನಾಲ್ಕು' ಅಂತ ಹೇಳುತ್ತಿದ್ದದ್ದು ಆ ಪುಸ್ತಕವೇ. ವಿಮರ್ಶೆ ಓದಿ ಬೆಳೆದವ ದುಡ್ಡು ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳುತ್ತಾನೆ. ಅಥಣಿಯ ಆ ಮೊಬೈಲ್ ಅಂಗಡಿಯವನೇ ಹೇಳಿದ: "ರೊಕ್ಕಾ ಕೇಳಿತಂದ್ರ ಅದು ಆಟ ಅಲ್ರಿ, ಅಂಗಡಿ. ಇದನ್ನ ನಾ ಪುಸ್ತಕದಾಗ ಓದಿದ್ನಿ."

ಆಟ ಕಟ್ಟುವುದು ಉದ್ಯೋಗವೂ ಹೌದು. ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ 1997ರಲ್ಲೇ ಈ ಕಸುಬಿಗೆ ಇಳಿಯಿತು. ನಿಪ್ಪಾಣಿಯ ಹೆದ್ದಾರಿ ಹಿಡಿದು ಹೋದರೆ ಸಿಗುವ ಪುಣೆಯಲ್ಲೇ 'ರಾಜಿ' ಎಂಬ ಆಟ ತಯಾರಾಗಿ 2020ರಲ್ಲಿ ಜಗತ್ತಿನ ಪೇಟೆಗೆ ಹೋಯಿತು. ತಮ್ಮನನ್ನು ಹುಡುಕಿ ರಾಕ್ಷಸರ ಮೇಲೆ ಬೀಳುವ ಹುಡುಗಿಯ ಕಥೆ ಅದು. ದುರ್ಗೆ, ವಿಷ್ಣು ಎಲ್ಲರೂ ಅದರಲ್ಲಿದ್ದಾರೆ. ಚಂದಮಾಮ ಓದಿದ ಅಜ್ಜನಿಗೂ ತಿಳಿಯುವ ಆಟ.

ವಾಚನಾಲಯದ ಮೇಜು

ಕೆಲಸ ಯಾರದು ಅನ್ನುವುದು ಉಳಿದ ಪ್ರಶ್ನೆ. ರಾಜ್ಯದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿದೆ. ನಾವು ಕಟ್ಟುವ ಮನೆಪಟ್ಟಿಯ ಜೊತೆಗೆ ಗ್ರಂಥಾಲಯ ಕರ ಸೇರಿಸಿ ವಸೂಲಿ ಮಾಡುತ್ತಾರೆ, ರೂಪಾಯಿಗೆ ಆರು ಪೈಸೆ. ಹಳ್ಳಿಯ ವಾಚನಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್‌ರಾಜ್ ಇಲಾಖೆಗೆ ಬಂದವು, 'ಅರಿವು ಕೇಂದ್ರ' ಅಂತ ಹೊಸ ಹೆಸರಾಯಿತು. 2020ರಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗಾಗಿಯೇ ಕಾರ್ಯಕ್ರಮವೂ ಬಂತು. ಹೆಸರುಗಳಿಗೇನೂ ಕೊರತೆಯಿಲ್ಲ.

ಮೇಜಿನ ಮೇಲೆ ಏನಿದೆ ನೋಡಿ. ದಿನಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಮಾಸಿಕ. ನೌಕರಿಗೆ ಅರ್ಜಿ ಹಾಕುವವನಿಗೆ ಅದು ಬೇಕು, ಬೇಡ ಅನ್ನುವವರಿಲ್ಲ. ಹನ್ನೆರಡು ವರ್ಷದವ ಒಳಗೆ ಬಂದರೆ ಅವನ ಕೈಗೆ ಏನು ಕೊಡುತ್ತೀರಿ? ಗಡಿಯಾಚೆ ಮಹಾರಾಷ್ಟ್ರ ಸರಕಾರದ ಪಠ್ಯಪುಸ್ತಕ ಮಂಡಳಿ 1971ರಿಂದ 'ಕಿಶೋರ' ಎಂಬ ಮಕ್ಕಳ ಮಾಸಿಕ ನಡೆಸಿಕೊಂಡು ಬಂದಿದೆ, ಕಾಗವಾಡದ ಎಷ್ಟೋ ಮನೆಗಳಲ್ಲಿ ಅದನ್ನು ಕಂಡಿದ್ದೇವೆ. ನಮ್ಮ ಕಡೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಇದೆ. ಅಂಥದರಲ್ಲಿ ತಿಂಗಳಿಗೆ ನಾಲ್ಕು ಪುಟ ಆಟಕ್ಕೆ ಕೊಟ್ಟರೆ ಆಕಾಶ ಬೀಳುವುದಿಲ್ಲ. ಆಟ ಹೇಗೆ ಕಟ್ಟುತ್ತಾರೆ, ಯಾವುದು ಒಳ್ಳೆಯದು, ಯಾವುದು ದುಡ್ಡು ನುಂಗುತ್ತದೆ ಅಂತ ಕನ್ನಡದಲ್ಲಿ ತಿಳಿಸಲಿ.

ಅಲ್ಲಿಯವರೆಗೆ ದಾರಿ ಸರಳ. ಪುಣೆ, ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗರು ಮನೆಗೆ ಒಂದು ಫೋನು ಮಾಡಿ, ಟ್ರಂಕಿನ ಕಟ್ಟನ್ನು ಊರ ಅರಿವು ಕೇಂದ್ರಕ್ಕೆ ಕೊಡಿ ಅಂತ ಹೇಳಲಿ. ಪಂಚಾಯತಿಯವರು ಒಂದು ಕಪಾಟು ಬಿಟ್ಟುಕೊಡಲಿ. ಇಂಗ್ಲಿಷ್ ಮಾಸ್ತರರು ವಾರಕ್ಕೊಂದು ಸಂಜೆ ಬಂದು ಅರ್ಥ ಹೇಳಲಿ. ಖರ್ಚು ಬೀಳುವುದು ಕಪಾಟಿನ ಬೀಗಕ್ಕೆ ಮಾತ್ರ. ಅದನ್ನೂ ಹಾಕದಿದ್ದರೆ ಇನ್ನೂ ಚಲೋ.

ಮೇಜು ಐತಿ, ಕುರ್ಚಿ ಐತಿ, ಸಂಜಿಗೆ ಹುಡುಗರೂ ಅದಾರು. ಪುಸ್ತಕ ಇಡಾವ್ರು ಯಾರು ಅನ್ನೂದನ್ನ ಅಧ್ಯಕ್ಷರು ಮುಂದಿನ ಸಭಾದಾಗ ಹೇಳಲಿ.